‘ನಾನು ಹೇಳಿದ್ದು ತಪ್ಪು’ ಅನ್ನೋದು ಅಷ್ಟು ಕಷ್ಟವಾ?

ನಾನಿರುವ ಊರಿನ ಹೆಸರನ್ನು ಟೌಸೆಸ್ಟರ್ ಅಂತ ಬರೆಯುತ್ತಾರೆ, ಟೋಸ್ಟರ್ ಅಂತ ಕರೆಯುತ್ತಾರೆ. ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್‌ನಲ್ಲಿದೆ. ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕ್ ಇಲ್ಲಿಂದ ಆರೇಳು ಕಿಲೋಮೀಟರ್. ಗಾಳಿ ಈ ಕಡೆ ಬೀಸಿದ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಎಂಜಿನ್ ಸದ್ದು ಕಿವಿಗೆ ಬೀಳುತ್ತದೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಇಪ್ಪತ್ತು ವರ್ಷ ಅದೇ ಟ್ರ್ಯಾಕಿನ ಪಕ್ಕ ನಿಂತು ಬಾವುಟ ತೋರಿಸುವ, ಅಪಘಾತವಾದರೆ ಓಡಿ ಹೋಗುವ ಮಾರ್ಷಲ್ ಆಗಿದ್ದವರು. ಸಂಬಳ ಇಲ್ಲದ ಕೆಲಸ, ರೇಸಿನ ಮೇಲಿನ ಪ್ರೀತಿಗೆ ಮಾಡಿದ್ದು. ಅವರ ಕಿತ್ತಳೆ ಬಣ್ಣದ ಯೂನಿಫಾರ್ಮ್ ಇನ್ನೂ ಗ್ಯಾರೇಜಿನ ಮೊಳೆಗೆ ನೇತುಹಾಕಿಕೊಂಡಿದೆ. 2018ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ಹೇಲೋ, ಅಂದರೆ ಚಾಲಕನ ತಲೆ ಕಾಯುವ ಲೋಹದ ಚೌಕಟ್ಟು, ಕಡ್ಡಾಯವಾದಾಗ ಇವರು ಕೆಂಡವಾಗಿದ್ದರು. ‘ಚಪ್ಪಲಿ ಪಟ್ಟಿ ಇದ್ದ ಹಾಗಿದೆ. ತೆರೆದ ಕಾರಿನಲ್ಲಿ ಚಾಲಕನ ತಲೆ ಕಾಣಬೇಕು. ಭಯ ಇದ್ದವರು ಮನೆಯಲ್ಲಿರಲಿ’ ಅಂದಿದ್ದರು. ಇನ್ನು ರೇಸ್ ನೋಡಲು ಹೋಗುವುದಿಲ್ಲ ಅಂದರು, ಹೋಗಲೂ ಇಲ್ಲ.

2022ರ ಜುಲೈ 3, ಭಾನುವಾರ. ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ರೇಸ್. ಒಬ್ಬರೇ ಇದ್ದಾರಲ್ಲ ಅಂತ ಒತ್ತಾಯ ಮಾಡಿ ನಮ್ಮ ಮನೆಗೆ ಕರೆದೆ. ಟಿವಿ ಹಾಕಿ, ಊರಿಂದ ಬಂದಿದ್ದ ಚಕ್ಕುಲಿ ಡಬ್ಬಿ ಮುಂದಿಟ್ಟೆ. ರೇಸ್ ಶುರುವಾಗಿ ಕೆಲವೇ ಸೆಕೆಂಡು. ಗಾಲಿಗೆ ಗಾಲಿ ತಾಗಿ ಚೀನಾದ ಝೋ ಗ್ವಾನ್‌ಯು ಅವರ ಕಾರು ತಲೆಕೆಳಗಾಯಿತು. ಹಾಗೇ ಡಾಂಬರಿನ ಮೇಲೆ ಕಿಡಿ ಹಾರಿಸುತ್ತ ಜಾರಿತು, ಜಲ್ಲಿ ದಾಟಿತು, ಟೈರ್ ಗೋಡೆಯ ಮೇಲಿಂದ ಹಾರಿ ಅದಕ್ಕೂ ಬೇಲಿಗೂ ನಡುವೆ ಸಿಕ್ಕಿಕೊಂಡಿತು. ರೇಸ್ ನಿಲ್ಲಿಸಿದರು. ಅಜ್ಜನ ಕೈಯಲ್ಲಿ ಅರ್ಧ ಮುರಿದ ಚಕ್ಕುಲಿ ಹಾಗೇ ಇತ್ತು. ಚಾಲಕನ ಸುದ್ದಿ ಬಾರದ ಇಂಥ ಮೌನ ಏನು ಹೇಳುತ್ತದೆ ಅಂತ ಇಪ್ಪತ್ತು ವರ್ಷ ಟ್ರ್ಯಾಕ್ ಪಕ್ಕ ನಿಂತವರಿಗೆ ಗೊತ್ತಿರುತ್ತದೆ. ಬಹಳ ಹೊತ್ತಿನ ಮೇಲೆ ಸುದ್ದಿ ಬಂತು, ಹುಡುಗ ಕ್ಷೇಮ. ಚಾಲಕನ ಹಿಂದಿರುವ ರಕ್ಷಣೆಯ ಕಮಾನು ಮುರಿದು ಹೋಗಿತ್ತು. ಅವನ ತಲೆಗೂ ನೆಲಕ್ಕೂ ನಡುವೆ ಉಳಿದದ್ದು ಆ ‘ಚಪ್ಪಲಿ ಪಟ್ಟಿ’ ಒಂದೇ.

ಅಜ್ಜ ನನ್ನ ಕಡೆ ತಿರುಗಿ, ‘ನಾನು ಹೇಳಿದ್ದು ತಪ್ಪು. ನಾಲ್ಕು ವರ್ಷದಿಂದ ತಪ್ಪನ್ನೇ ಹೇಳುತ್ತಿದ್ದೆ’ ಅಂದರು. ಆಮೇಲೆ ನಮ್ಮ ಸೋಫಾದಲ್ಲೇ ಕೂತು, ಇದೇ ವಿಷಯಕ್ಕೆ ಜಗಳ ಆಡಿದ್ದ ಇಬ್ಬರು ಹಳೆಯ ಮಾರ್ಷಲ್ ಗೆಳೆಯರಿಗೆ ಫೋನ್ ಮಾಡಿ ಅದನ್ನೇ ಹೇಳಿದರು.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಲೆಯಲ್ಲಿ ರೇಸ್ ಇರಲಿಲ್ಲ, ಹಾಸನದ ಭಾವ ಇದ್ದರು.

ಭಾವ ಓಡಿಸುವುದು ಸ್ಕೂಟರ್. ಹೆಲ್ಮೆಟ್ ಇತ್ತು, ಅರ್ಧ ಹೆಲ್ಮೆಟ್. ಎನ್.ಆರ್. ಸರ್ಕಲ್ ಹತ್ತಿರ ಬಂದಾಗ ತಲೆಗೆ, ಉಳಿದಂತೆ ಕನ್ನಡಿಗೆ. ಪಟ್ಟಿ ಕಟ್ಟಿದ್ದನ್ನು ನಾನು ನೋಡಿದ್ದೇ ಇಲ್ಲ. 2016ರಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಅಂದಾಗ ಅಕ್ಕನಿಗೂ ಅಂಥದ್ದೇ ಒಂದು ತಂದರು. ಆಮೇಲೆ ಒಂದು ಸಂಜೆ, ಬಣ್ಣ ಬಳಿಯದ ಹಂಪ್ ಮೇಲೆ ಗಾಡಿ ಎಗರಿ ಬಿದ್ದರು. ಹೆಲ್ಮೆಟ್ ಒಂದು ಕಡೆ, ಅವರೊಂದು ಕಡೆ. ಹುಬ್ಬಿನ ಮೇಲೆ ಆರು ಹೊಲಿಗೆ. ನಾನು ಫೋನ್‌ನಲ್ಲಿ ‘ಭಾವ, ಇನ್ನಾದರೂ ಒಳ್ಳೇದು ತಗೊಳ್ಳಿ’ ಅಂದರೆ, ‘ಗ್ರಹಚಾರ ಕಣೋ. ದೊಡ್ಡದಾಗೋದು ಚಿಕ್ಕದರಲ್ಲಿ ಹೋಯ್ತು’ ಅಂದರು. ಧರ್ಮಸ್ಥಳಕ್ಕೆ ಹೋಗಿ ಬಂದರು. ಹೆಲ್ಮೆಟ್ ಮತ್ತೆ ಕನ್ನಡಿಗೇ ಹೋಯಿತು.

ನನಗೆ ಊರಿನ ಮೇಲೆ ಸಿಟ್ಟು ಬರುವುದು ಇಂಥ ಕಡೆ. ತಪ್ಪು ಮಾಡುವುದರಲ್ಲಿ ಇಲ್ಲಿಯವರಿಗೂ ನಮಗೂ ವ್ಯತ್ಯಾಸ ಇಲ್ಲ. ಹೇಲೋ ವಿಷಯದಲ್ಲಿ ಇಲ್ಲಿ ದೊಡ್ಡ ದೊಡ್ಡವರೇ ತಪ್ಪು ಹೇಳಿದ್ದರು. ಅದೊಂದು ಟೈಟೇನಿಯಂ ಬಳೆ, ಕುದುರೆ ಲಾಳದ ಆಕಾರ, ಚಾಲಕನ ಮುಂದೆ ಒಂದೇ ಒಂದು ಕಂಬ. ತೂಕ ಸುಮಾರು ಏಳು ಕೆಜಿ, ತಡೆಯುವುದು ಸುಮಾರು 12 ಟನ್ ಭಾರ. ಆದರೆ ಮಾತೆಲ್ಲ ಅದರ ಅಂದಚಂದದ ಮೇಲೆ. ಕಂಬ ಕಣ್ಣಿಗೆ ಅಡ್ಡ ಬರುತ್ತದೆ, ಬೆಂಕಿ ಹತ್ತಿದರೆ ಹೊರಗೆ ಬರೋದು ಹೇಗೆ ಅಂತಲೂ ಕೇಳಿದರು. ಮರ್ಸಿಡಿಸ್ ತಂಡದ ಮುಖ್ಯಸ್ಥ ಟೋಟೊ ವೋಲ್ಫ್, ಗರಗಸ ಕೊಟ್ಟರೆ ಕತ್ತರಿಸಿ ಹಾಕುತ್ತೇನೆ ಅಂದರು. 1976ರಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬೆಂಕಿಯಲ್ಲಿ ಬೆಂದು ಬದುಕಿ ಬಂದ ಹಳೆಯ ಚಾಲಕ ನಿಕಿ ಲಾಡಾ ಕೂಡ ಬೇಡ ಅಂದರು. ಸುಟ್ಟ ಗಾಯ ಮುಖದ ಮೇಲೇ ಇದ್ದವರು!

ಆದರೆ ಆಮೇಲೆ ಏನಾಯಿತು ನೋಡಿ. 2020ರ ನವೆಂಬರ್ 29, ಬಹ್ರೇನ್. ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆಯನ್ನು ಸೀಳಿ, ಎರಡು ತುಂಡಾಗಿ, ಧಗಧಗ ಉರಿಯಿತು. ಗೋಡೆಯ ಕಬ್ಬಿಣ ತಲೆಗೆ ಬರದ ಹಾಗೆ ತಡೆದದ್ದು ಹೇಲೋ. ಬೆಂಕಿಯೊಳಗೆ ಅರ್ಧ ನಿಮಿಷದ ಹತ್ತಿರ ಇದ್ದು, ಅದೇ ಬಳೆಯ ಸಂದಿನಿಂದ ತಾವೇ ಎದ್ದು ಬಂದರು. ಆಸ್ಪತ್ರೆಯಿಂದ, ಕೈಗೆ ಬ್ಯಾಂಡೇಜ್ ಸುತ್ತಿಕೊಂಡು, ಮೊದಲು ನಾನು ಇದರ ಪರ ಇರಲಿಲ್ಲ, ಇದಿಲ್ಲದಿದ್ದರೆ ಇವತ್ತು ನಿಮ್ಮ ಜೊತೆ ಮಾತಾಡುತ್ತಿರಲಿಲ್ಲ ಅಂತ ವಿಡಿಯೊ ಮಾಡಿ ಹೇಳಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಮೊನ್ಜಾದಲ್ಲಿ ವರ್ಸ್ಟಾಪನ್ ಕಾರಿನ ಹಿಂದಿನ ಗಾಲಿ ಮರ್ಸಿಡಿಸ್ ಚಾಲಕ ಲೂಯಿಸ್ ಹ್ಯಾಮಿಲ್ಟನ್ ತಲೆಯ ಮೇಲೇ ಹತ್ತಿತು. ಗರಗಸ ಕೇಳಿದ್ದ ವೋಲ್ಫ್ ಅವರೇ, ಹೇಲೋ ಇವತ್ತು ಲೂಯಿಸ್ ಜೀವ ಉಳಿಸಿತು ಅಂದರು. ಹೇಲೋ ಮೊದಲು ಬಂದಾಗ ಅದು ಎಷ್ಟು ಕೆಟ್ಟದಾಗಿದೆ ಅಂತ ಹೇಳಿದವರಲ್ಲಿ ಸ್ವತಃ ಹ್ಯಾಮಿಲ್ಟನ್ ಕೂಡ ಒಬ್ಬರು.

ಎಲ್ಲರೆದುರು ಮಾತು ಬದಲಿಸಿದರು. ಯಾರ ಮರ್ಯಾದೆಯೂ ಹೋಗಲಿಲ್ಲ. ನಮ್ಮಲ್ಲಿ ಹಿರಿಯರ ಬಾಯಿಂದ ‘ನಾನು ತಪ್ಪು’ ಅನ್ನೋ ಮಾತು ಹೊರಟಿದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆ? ಅಪ್ಪ ಹೇಳಿಲ್ಲ, ದೊಡ್ಡಪ್ಪ ಹೇಳಿಲ್ಲ. ಹಣೆಬರಹ ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಬಿದ್ದವನೂ ಕಲಿಯಲ್ಲ, ನೋಡಿದವನೂ ಕಲಿಯಲ್ಲ. ತಪ್ಪು ಅಂತ ಒಪ್ಪಿಕೊಂಡರೆ ತಾನೇ ಹಂಪ್‌ಗೆ ಯಾಕೆ ಬಣ್ಣ ಬಳಿದಿಲ್ಲ ಅಂತ ಕೇಳೋಕೆ ಬಾಯಿ ಬರೋದು?

ಇಷ್ಟು ಬರೆದ ಮೇಲೆ ಕೆಲವು ಮಾತು ಹೇಳದಿದ್ದರೆ ನ್ಯಾಯವಲ್ಲ. ಹೇಲೋ ಇಲ್ಲಿ ಒಳ್ಳೆ ಮಾತಿನಲ್ಲಿ ಬಂದದ್ದಲ್ಲ. ಹೆಚ್ಚಿನ ತಂಡಗಳಿಗೆ ಬೇಡವಾಗಿತ್ತು. ರೇಸಿನ ನಿಯಮ ಮಾಡುವ ಸಂಸ್ಥೆ ಎಫ್‌ಐಎ, 2018ರಿಂದ ಇರಲೇಬೇಕು ಅಂತ 2017ರಲ್ಲಿ ಸುರಕ್ಷತೆಯ ಹೆಸರಿನಲ್ಲಿ ಹೇರಿತು. ಅದಕ್ಕೂ ಮೊದಲು ಜೀವಗಳು ಹೋಗಿದ್ದವು. 2009ರ ಜುಲೈನಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಹೆನ್ರಿ ಸರ್ಟೀಸ್ ಎಂಬ 18ರ ಹುಡುಗನ ತಲೆಗೆ ಬೇರೆ ಕಾರಿನಿಂದ ಕಳಚಿದ ಗಾಲಿ ಬಡಿದು ಜೀವ ಹೋಯಿತು. ಅವನ ತಂದೆ ಜಾನ್ ಸರ್ಟೀಸ್, ಬೈಕ್ ಮತ್ತು ಕಾರು ಎರಡರಲ್ಲೂ ವಿಶ್ವ ಚಾಂಪಿಯನ್ ಆದ ಒಬ್ಬರೇ ಒಬ್ಬರು. 2015ರಲ್ಲಿ ಅಮೆರಿಕದ ಪೊಕೊನೋದಲ್ಲಿ ಜಸ್ಟಿನ್ ವಿಲ್ಸನ್, ಬೇರೆ ಕಾರಿನ ಮೂತಿಯ ತುಂಡು ತಲೆಗೆ ಬಡಿದು ತೀರಿಕೊಂಡರು. ಹೆನ್ರಿ ಹೋಗಿ ಒಂಬತ್ತು ವರ್ಷ ಬೇಕಾಯಿತು ಇವರಿಗೆ. ದುಡ್ಡಿಗೆ, ಪರೀಕ್ಷೆಗೆ ಕೊರತೆ ಇಲ್ಲದ ಆಟದಲ್ಲೇ ಇಷ್ಟು ತಡ ಆದರೆ, ಬಿಸಿಲಲ್ಲಿ ಬೆವರುತ್ತ ಆಫೀಸಿಗೆ ಹೋಗುವ ಭಾವನ ಮೇಲೆ ನಾನು ಇಷ್ಟು ಸಿಟ್ಟಾಗಬಾರದಿತ್ತೇನೋ.

ನಮ್ಮ ಪಕ್ಕದ ಮನೆ ಅಜ್ಜ ಕೂಡ ಇವತ್ತಿಗೂ ಬರಿದಲೆಯಲ್ಲೇ ಸೈಕಲ್ ತುಳಿಯುತ್ತಾರೆ. ಇಲ್ಲಿ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಇಲ್ಲ. ನಾನು ಹೇಳಿದೆ, ನಕ್ಕು ಕೈ ಬೀಸಿ ಹೋದರು.

ಕಳೆದ ಆಯುಧಪೂಜೆ ದಿನ ಅಕ್ಕ ವಿಡಿಯೊ ಕಾಲ್ ಮಾಡಿದ್ದಳು. ಸ್ಕೂಟರಿಗೆ ಸೇವಂತಿಗೆ ಹಾರ, ಗಾಲಿಗೆ ನಿಂಬೆಹಣ್ಣು. ಸೀಟಿನ ಮೇಲೆ ಹೊಸ ಹೆಲ್ಮೆಟ್, ಪೂರ್ತಿ ಮುಖ ಮುಚ್ಚುವಂಥದ್ದು, ಹಿಂದೆ ಐಎಸ್ಐ ಗುರುತು. ಪಕ್ಕದಲ್ಲಿ ಗುಲಾಬಿ ಬಣ್ಣದ ಚಿಕ್ಕದೊಂದು, ಮಗಳಿಗೆ. ‘ಯಾವಾಗ ತಗೊಂಡ್ರಿ ಭಾವ?’ ಅಂದೆ.

‘ಸುಮ್ನೆ, ಅಂಗಡಿ ಕಡೆ ಹೋಗಿದ್ದೆ’ ಅಂದರು ಭಾವ. ಫೋನ್ ಕಡೆ ನೋಡಲಿಲ್ಲ. ಎರಡೂ ಹೆಲ್ಮೆಟ್ಟಿಗೆ ಕುಂಕುಮ ಇಟ್ಟರು. ಆಮೇಲೆ ಚಿಕ್ಕದನ್ನು ಎತ್ತಿಕೊಂಡು, ಪಟ್ಟಿಯ ಬಕಲ್ ಒಮ್ಮೆ ಹಾಕಿ, ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕಿದರು.