ಶಕ್ತಿನಗರದ ಕೂಲಿಕಾರ್ಮಿಕರನ್ನ ಬಿಟ್ಟು ಕಾರ್ಬನ್ ಕಡಿಮಿ ಆಗಲ್ಲ

ಪ್ಯಾರಿಸ್ ಒಪ್ಪಂದ ಆಗಿದ್ದು 2015ರಾಗ. ಭೂಮಿ ಕಾವಿನ ಏರಿಕಿ 1.5 ಡಿಗ್ರಿ ದಾಟದಂಗ ನೋಡ್ಕೊಳ್ಳೋಕೆ ಪ್ರಯತ್ನ ಮಾಡ್ತೀವಿ ಅಂತ ಹೆಚ್ಚುಕಮ್ಮಿ ಎಲ್ಲಾ ದೇಶಗಳೂ ಒಪ್ಕೊಂಡ್ವು. ಕಾರ್ಬನ್ ಎಷ್ಟು ಕಡಿಮಿ ಮಾಡ್ಬೇಕು ಅನ್ನೋದನ್ನ ಆಯಾ ದೇಶನೇ ಬರದು ಕೊಡೋದು, ಮಾಡ್ಲಿಲ್ಲ ಅಂದ್ರ ದಂಡ ಇಲ್ಲ, ಕೇಳೋರಿಲ್ಲ. ಟ್ರಂಪ್ ಬಂದಾಗ ಅಮೆರಿಕ ಹೊರಗ ಹೋತು, ಬೈಡನ್ ಬಂದಾಗ ಒಳಗ ಬಂತು, 2025ರಾಗ ಮತ್ತ ಹೊರಗ ಹೊಂಟೀವಿ ಅಂತು. ಇದನ್ನ ಎಲ್ರೂ ಬೈತಾರ, ಬೈಬೇಕು ಕೂಡ. ಆದ್ರ ಇದಕ್ಕಿಂತ ದೊಡ್ಡ ಅಡ್ಡಿ ನಮ್ಮ ರಾಯಚೂರಾಗೇ ಕಾಣ್ತದ.

ಶಕ್ತಿನಗರದ ಆರ್‌ಟಿಪಿಎಸ್, ಅಂದ್ರ ರಾಯಚೂರಿನ ಕರೆಂಟ್ ತಯಾರಿಸೋ ಸ್ಥಾವರ, 1985ರಿಂದ ಕಲ್ಲಿದ್ದಲು ಸುಡ್ತಾ ಬಂದದ, ಈಗ 1720 ಮೆಗಾವ್ಯಾಟ್, ಈ ಕಡೆ ಯರಮರಸ್‌ನಾಗ ಇನ್ನೊಂದು 1600. ಮಾಳಿಗಿ ಮ್ಯಾಲ ಬಟ್ಟಿ ಒಣಹಾಕಿ ಸಂಜಿಗೆ ತಗದ್ರ ಮಡಿಕಿ ಒಳಗ ಬೂದಿ, ನೀರಿನ ಕೊಡದ ಮ್ಯಾಲ ಬೂದಿ, ಸಣ್ಣ ಹುಡುಗ್ರಿಗೆ ಕೆಮ್ಮು ಬಿಡಂಗಿಲ್ಲ. ಆದ್ರ ಅದೇ ಬೂದಿ ಟ್ಯಾಂಕರ್ ಡ್ರೈವರ್‌ಗೆ ಅನ್ನ, ಇಟ್ಟಂಗಿ ಮಾಡೋರಿಗೆ ಅನ್ನ, ಒಳಗ ಗುತ್ತಿಗಿ ಮ್ಯಾಲ ದುಡಿಯೋರಿಗೂ, ರೋಡಿನ ಬಾಜೂಕ ಒಗ್ಗರಣಿ-ಮಿರ್ಚಿ ಮಾರೋ ಅವ್ವಗೂ ಅದೇ ಆಧಾರ. ನಾಳೆ ಮುಚ್ತೀವಿ ಅಂದ್ರ ಇವ್ರೆಲ್ಲಾ ಎಲ್ಲಿಗೆ ಹೋಗ್ಬೇಕ್ರಿ? ಪರ್ಮನೆಂಟ್ ನೌಕರರಿಗಾದ್ರೂ ಬ್ಯಾರೆ ಕಡೆ ಟ್ರಾನ್ಸ್‌ಫರ್ ಸಿಗಬಹುದು, ಗುತ್ತಿಗಿಯವ್ರಿಗೆ?

ಜರ್ಮನಿ 2038ರೊಳಗ ಕಲ್ಲಿದ್ದಲು ಬಿಡ್ತೀವಿ ಅಂತ 2020ರಾಗ ಕಾನೂನು ಮಾಡ್ದಾಗ, ಕಲ್ಲಿದ್ದಲು ನಂಬಿದ ಜಿಲ್ಲೆಗಳಿಗೆ 4 ಸಾವಿರ ಕೋಟಿ ಯೂರೋ ತನಕ ಕೊಡ್ತೀವಿ ಅಂತನೂ ಬರ್ಕೊಂಡ್ತು. ನಮ್ಮಂಥ ದೇಶಕ್ಕ ಆ ರೊಕ್ಕ ಎಲ್ಲಿಂದ ಬರ್ಬೇಕು? ಶ್ರೀಮಂತ ದೇಶಗಳು ಬಡದೇಶಗಳಿಗೆ 2020ರೊಳಗ ವರ್ಷಕ್ಕ 10 ಸಾವಿರ ಕೋಟಿ ಡಾಲರ್ ಕೊಡ್ತೀವಿ ಅಂತ 2009ರಾಗ ಮಾತು ಕೊಟ್ಟು, ಅಷ್ಟು ಮುಟ್ಟಿದ್ದು 2022ಕ್ಕ, ಅದ್ರಾಗೂ ಬಹಳಷ್ಟು ಸಾಲ! 2024ರಾಗ ಬಾಕುದ ಹವಾಮಾನ ಸಮ್ಮೇಳನದಾಗ ಬಡದೇಶಗಳು ಕೇಳಿದ್ದು ವರ್ಷಕ್ಕ 1.3 ಲಕ್ಷ ಕೋಟಿ ಡಾಲರ್, ಒಪ್ಪಿದ್ದು 2035ರ ಹೊತ್ತಿಗೆ ವರ್ಷಕ್ಕ 30 ಸಾವಿರ ಕೋಟಿ. ಭಾರತ ಅಲ್ಲೇ ವಿರೋಧ ಮಾಡ್ತು, ಮಾಡಿದ್ದು ಸರಿ.

ಹಂಗಂತ ನಾವು ಕೈಕಟ್ಟಿ ಕೂತಿಲ್ಲ. 2030ಕ್ಕ ಅಂತ ಇಟ್ಕೊಂಡಿದ್ದ 50% ಗುರಿ, ಅಂದ್ರ ಕಲ್ಲಿದ್ದಲು-ಗ್ಯಾಸ್ ಬಿಟ್ಟು ಉಳಿದ ಕರೆಂಟಿನ ಸಾಮರ್ಥ್ಯ, 2025ರಾಗೇ ಮುಟ್ಟೀವಿ. ಖುಷಿ ಐತಿ. ಆದ್ರ ಹೊತ್ತು ಮುಳುಗಿದ್ ಮ್ಯಾಲ ಸೋಲಾರ್ ನಿಲ್ತದ, ಕುಷ್ಟಗಿ ಯಲಬುರ್ಗಾ ಕಡೆ ಕರೆಂಟ್ ಮಾಡೋ ಫ್ಯಾನ್ ಗಾಳಿ ಇದ್ದಾಗಷ್ಟೇ ತಿರುಗ್ತಾವ, ರಾತ್ರಿ ಕರೆಂಟಿಗೆ ಮತ್ತ ಕಲ್ಲಿದ್ದಲೇ ಗತಿ. ಬ್ಯಾಟರಿ ಬೇಕು, ಲೈನ್ ಬೇಕು, ಎಲ್ಲಾದಕ್ಕೂ ರೊಕ್ಕ ಬೇಕು.

ಅದಕ್ಕ ನಾನು ಕೇಳೋದು ಇಷ್ಟ. ಘಟಕ ಮುಚ್ಚೋ ತಾರೀಖು ಹೇಳೋಕ್ಕಿಂತ ಮೊದ್ಲು ಗುತ್ತಿಗಿ ಕಾರ್ಮಿಕರ ಪೂರ್ತಿ ಪಟ್ಟಿ ಆಗ್ಲಿ, ಬ್ಯಾಟರಿ-ಸೋಲಾರ್ ಕೆಲಸದ ಟ್ರೇನಿಂಗ್ ಶಕ್ತಿನಗರದಾಗೇ ಶುರು ಆಗ್ಲಿ, ಮುಂದಿನ ಎಲೆಕ್ಷನ್‌ದಾಗ ಓಟು ಕೇಳೋಕೆ ಬರೋರು ಇದಕ್ಕ ಬಜೆಟ್‌ನಾಗ ಎಷ್ಟು ಇಡ್ತೀವಿ ಅಂತ ಹೇಳ್ಲಿ.