ಮೈಕಿನ ಬೆನ್ನಿಗೆ ಹೇಳಿದ ಕಥೆಗಳು

ಇವತ್ತು ಬೆಳಿಗ್ಗೆ ನನ್ನ ಕಾಫಿ ಲೋಟ ಹಾರಿಹೋಯಿತು. ಕೈ ಜಾರಿ ಬಿದ್ದದ್ದಲ್ಲ, ನಿಜವಾಗಿ ಹಾರಿದ್ದು. ಮೇಜಿಗೆ ಕಚ್ಚಿಸಿದ್ದ ಕಬ್ಬಿಣದ ತೋಳಿನಿಂದ ಮೈಕನ್ನು ಬಿಚ್ಚುತ್ತಿದ್ದೆ. ಆ ತೋಳಿಗೆ ಸ್ಪ್ರಿಂಗುಗಳಿವೆ. ಮೈಕಿನ ಭಾರ ಇರುವವರೆಗೆ ಸಾಧು ಹಸುವಿನ ಹಾಗೆ ತಲೆ ತಗ್ಗಿಸಿಕೊಂಡಿರುತ್ತದೆ. ಭಾರ ಇಳಿಸಿದಿರೋ, ಟಣ್ ಅಂತ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮಿತು. ದಾರಿಯಲ್ಲಿ ನನ್ನ ಎಡಗೈ ಇತ್ತು, ಕೈಯಲ್ಲಿ ಲೋಟ ಇತ್ತು. ಅರ್ಧ ಕಾಫಿ ಅಂಗಿಗೆ, ಇನ್ನರ್ಧ ಗೋಡೆಯ ಕ್ಯಾಲೆಂಡರಿಗೆ. ಈ ತಿಂಗಳ ಏಕಾದಶಿ ಯಾವತ್ತು ಅಂತ ಅಮ್ಮ ಈಗ ಪಕ್ಕದ ಮನೆಯವರನ್ನು ಕೇಳಬೇಕು.

"ರೀ, ಗುಜರಿಯವನು ಶನಿವಾರ ಬರ್ತಾನೆ" ಅಂದಳು ನನ್ನ ಹೆಂಡತಿ, ಯಾರಿಗೂ ಅಲ್ಲ ಅನ್ನುವ ಹಾಗೆ.

ಈ ಮೈಕು ನಿಮ್ಮ ಮನೆಯ ಅಟ್ಟದ ಮೇಲೂ ಇರಬಹುದು. 2020ರ ಲಾಕ್‌ಡೌನಿನಲ್ಲಿ ಅರ್ಧ ಜನ ಮನೆಯಲ್ಲೇ ಪಾನಿಪೂರಿ ಮಾಡಲು ಕಲಿತರು, ಉಳಿದರ್ಧ ಜನ ಚಾನೆಲ್ ಶುರು ಮಾಡಿದರು. ನಾನು ಎರಡನೇ ಗುಂಪು. ಮಕ್ಕಳ ಕಥೆ ಓದಿ ಹಾಕೋಣ ಅಂತ ಆಸೆ. ಕಪ್ಪು ಮೈ, ಚಿನ್ನದ ಬಣ್ಣದ ಜಾಲರಿ, ಡಬ್ಬದ ಮೇಲೆ 'ಸ್ಟುಡಿಯೋ ಕಂಡೆನ್ಸರ್ ಮೈಕ್ರೋಫೋನ್' ಅನ್ನುವ ಬಿರುದು. ತೋಳು, ಸ್ಪಾಂಜಿನ ಟೋಪಿ, ಬಾಯಿಗೆ ಅಡ್ಡ ಇಡುವ ದುಂಡನೆ ಬಲೆ, ವೈರು, ಎಲ್ಲ ಸೇರಿ 900 ರೂಪಾಯಿ. ಜಾಹೀರಾತಿನ ಚಿತ್ರದಲ್ಲಿ ಒಬ್ಬಳು ಹುಡುಗಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. 900 ರೂಪಾಯಿಗೆ ಅಷ್ಟು ಸುಖ ಸಿಗುತ್ತೆ ಅಂದರೆ ಯಾರು ಬಿಡ್ತಾರೆ?

ಲ್ಯಾಪ್‌ಟಾಪಿಗೆ ಚುಚ್ಚಿದೆ. ಮಾತಾಡಿದೆ. ಕೇಳಿದರೆ ನನ್ನ ಧ್ವನಿ ಪಾತಾಳದಲ್ಲಿ, ಅದರ ಮೇಲೆ 'ಸ್ಸ್ಸ್' ಅಂತ ಹಿಸ್ ಸದ್ದು. ವಾಲ್ಯೂಮ್ ಏರಿಸಿದರೆ ಹಿಸ್ಸೇ ಏರಿತು. ವಿಚಾರಿಸಿದ ಮೇಲೆ ಗೊತ್ತಾಗಿದ್ದು ಇಷ್ಟು: ಇಂಥ ಮೈಕಿಗೆ 48 ವೋಲ್ಟ್ ಬೇಕು, ಲ್ಯಾಪ್‌ಟಾಪಿನ ತೂತು ಕೊಡುವುದು ಬರೀ ಎರಡು ಮೂರು ವೋಲ್ಟ್. ಅನ್ನ ಹಾಕದೆ ಹಾಡು ಅಂದರೆ ಯಾರು ತಾನೇ ಹಾಡುತ್ತಾರೆ?

ಈ 48ರ ಲೆಕ್ಕವೂ ಮಜವಾಗಿದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋದವರಿಗೆ ಮೈಕು ಮಾಡಿಕೊಟ್ಟಿತು. ಮೈಕಿನ ವೈರಿನಲ್ಲೇ ಕರೆಂಟೂ ಹೋಗಬೇಕಿತ್ತು. ನಾರ್ವೆಯವರ ಸ್ಟುಡಿಯೋದಲ್ಲಿ ಎಮರ್ಜೆನ್ಸಿ ಲೈಟಿಗೆ ಅಂತ ಹೇಗೂ 48 ವೋಲ್ಟ್ ಇತ್ತು. ಸರಿ, ಅದೇ ಇರಲಿ ಅಂದರು. ಅವತ್ತು ಅವರ ಕತ್ತಲೆಗೆ ಇಟ್ಟುಕೊಂಡಿದ್ದ ವ್ಯವಸ್ಥೆಗೆ ನಾನು ಇಲ್ಲಿ ಮೈಸೂರಿನಲ್ಲಿ 1,100 ರೂಪಾಯಿ ಕೊಟ್ಟು ಇನ್ನೊಂದು ಪೆಟ್ಟಿಗೆ ತಂದೆ. ಎಮ್ಮೆಗಿಂತ ಹಗ್ಗ ದುಬಾರಿ. ಅದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. ಫ್ಯಾಂಟಮ್ ಅಂದ್ರೆ ಏನೋ ಅಂತ ಅಮ್ಮ ಕೇಳಿದರು. ದೆವ್ವ ಅಂದೆ. ಆ ಪೆಟ್ಟಿಗೆ ಮೂರು ದಿನ ಮನೆಯೊಳಗೆ ಬರಲಿಲ್ಲ, ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

ಅಂತೂ ದೆವ್ವವೂ ಬಂತು, ಧ್ವನಿಯೂ ಏರಿತು. ಆದರೆ ಏನೋ ಸರಿಯಿಲ್ಲ. ನಾನು ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಕುಕ್ಕರ್ ಮಾತ್ರ ಸ್ಪಷ್ಟ. ಒಗ್ಗರಣೆಯ ಸಾಸಿವೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ. 'ಒಂದಾನೊಂದು ಕಾಡಿನಲ್ಲಿ ಒಂದು ಸಿಂಹ' ಅನ್ನುತ್ತಿದ್ದಂತೆ ಮೂರು ವಿಷಲ್. ಒಬ್ಬರು ಕೇಳುಗರು ಕಥೆ ಚೆನ್ನಾಗಿದೆ ಅಂತ ಬರೆಯಲಿಲ್ಲ, ಬೇಳೆ ಜಾಸ್ತಿ ಬೇಯಿತು ಅಂತ ಬರೆದರು.

ಎಂಟು ತಿಂಗಳು, ಹದಿನಾಲ್ಕು ಕಥೆ ಹೀಗೇ ನಡೆಯಿತು. ಆಮೇಲೆ ಒಂದು ಹಬ್ಬಕ್ಕೆ ನಮ್ಮ ಬೀದಿಗೆ ಮೈಕ್‌ಸೆಟ್ ಹಾಕಲು ಬಂದ ಹುಡುಗ ನೀರು ಕುಡಿಯಲು ಒಳಗೆ ಬಂದ. ಮೇಜಿನ ಕಡೆ ನೋಡಿದ. "ಸಾರ್, ಇದ್ಯಾಕೆ ಹಿಂದುಮುಂದು ಹಾಕಿದೀರಾ?" ಅಂದ.

ನಾನು ಅದರ ಹೆಸರಿನ ಚೀಟಿ ಇರುವ ಕಡೆಯನ್ನು ಆಚೆಗೆ ತಿರುಗಿಸಿದ್ದೆ. ಮಂತ್ರಿಗಳ ಮುಂದೆ ಇಡುವ ಮೈಕುಗಳಲ್ಲಿ ಹೆಸರು ಜನರ ಕಡೆಗೇ ಇರುತ್ತಲ್ಲ, ಅದೇ ಪದ್ಧತಿ ಅಂದುಕೊಂಡಿದ್ದೆ. ಇಂಥ ಮೈಕಿನಲ್ಲಿ ಸಾಮಾನ್ಯವಾಗಿ ಹೆಸರಿರುವ ಕಡೆಯೇ ಕಿವಿಯಂತೆ. ನೆತ್ತಿಗೂ ಮಾತಾಡಬಾರದಂತೆ, ಹೊಟ್ಟೆಗೆ ಮಾತಾಡಬೇಕಂತೆ. ಎದುರಿನ ಸದ್ದನ್ನು ಹಿಡಿದುಕೊಂಡು ಬೆನ್ನ ಹಿಂದಿನದನ್ನು ಬಿಟ್ಟುಬಿಡುವ ಹಾಗೇ ಅದನ್ನು ಮಾಡಿರುತ್ತಾರಂತೆ. ಅಂದರೆ ಎಂಟು ತಿಂಗಳು ನಾನು ಅದರ ಬೆನ್ನಿಗೆ ಕಥೆ ಹೇಳಿದ್ದೆ. ಅದರ ಮುಖ ಅಡುಗೆಮನೆ ಬಾಗಿಲ ಕಡೆಗಿತ್ತು. ಅದು ತನ್ನ ಕೆಲಸ ನಿಯತ್ತಾಗಿ ಮಾಡಿತ್ತು, ಪಾಪ. ಹುಡುಗ ನಗಲಿಲ್ಲ. ಲೋಟ ವಾಪಸ್ ಕೊಟ್ಟು, ಗೇಟು ದಾಟಿ, ಆಮೇಲೆ ನಕ್ಕ. ಮೈಕು ಅದನ್ನೂ ಹಿಡಿಯಿತು.

ತಿರುಗಿಸಿ ಇಟ್ಟ ಮೇಲೆ ನನ್ನ ಧ್ವನಿ ಬಂತು. ಆಗಲೇ ಗೊತ್ತಾಗಿದ್ದು, ಬೆನ್ನಿಗೆ ಹೇಳಿದ್ದೇ ಮೇಲಿತ್ತು ಅಂತ. ಅಗ್ಗದ ಕಂಡೆನ್ಸರಿನಲ್ಲಿ 'ಸ' ಅನ್ನುವ ಅಕ್ಷರ ಸೂಜಿಯ ಹಾಗೆ ಚುಚ್ಚುತ್ತದೆ. ಸೀತಮ್ಮ ಸೊಸೆಗೆ ಸಾರು ಬಡಿಸಿದಳು ಅಂದರೆ ಮೂರು ಹಾವು ಬುಸುಗುಟ್ಟಿದ ಹಾಗೆ. ಕಥೆಯಲ್ಲಿ ಸಿಂಹವನ್ನು ತೆಗೆದು ಹುಲಿ ಹಾಕಿದೆ.

ಇದೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು, ಅಪ್ಪ ಇಲ್ಲದಿದ್ದರೆ.

ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬಡಾವಣೆಯ ರಾಜ್ಯೋತ್ಸವದ ಕಾಯಂ ನಿರೂಪಕರು. ಮೈಕು ಕಂಡರೆ ಅವರ ಬಲಗೈಯ ತೋರುಬೆರಳು ತಾನಾಗೇ ಏಳುತ್ತದೆ. ಟಕ್ ಟಕ್. ಎರಡೇ ಸಲ, ಒಂದಲ್ಲ, ಮೂರಲ್ಲ. ಆಮೇಲೆ 'ಉಫ್' ಅಂತ ಒಂದು ಊದು. ಆಮೇಲೆ ಗಂಟಲು ಸರಿ ಮಾಡಿಕೊಂಡು "ಹಲೋ". ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಬೇರೆಯವರ ಫೋನ್ ಎತ್ತಿದ ಹಾಗೆ, ಇನ್ನೊಂದು "ಹಲೋ". ಈ ಕ್ರಮ ತಪ್ಪುವುದಿಲ್ಲ. ರೂಮಿಗೆ ಪೇಪರ್ ಹುಡುಕಲು ಬರುತ್ತಾರೆ, ಟಕ್ ಟಕ್. ಕನ್ನಡಕ ಹುಡುಕಲು ಬರುತ್ತಾರೆ, ಟಕ್ ಟಕ್ ಉಫ್. ಮೈಕಿಗೆ ವೈರೇ ಚುಚ್ಚಿಲ್ಲದಿದ್ದರೂ ಟಕ್ ಟಕ್. "ಅಪ್ಪಾ, ಒಳಗೆ ಕೂದಲಿಗಿಂತ ತೆಳು ಪೊರೆ ಇರುತ್ತೆ, ಊದಬೇಡಿ" ಅಂದೆ. "ನಲವತ್ತು ವರ್ಷ ಊದಿದೀನಿ ಕಣೋ, ಒಂದು ಮೈಕೂ ಸತ್ತಿಲ್ಲ" ಅಂದರು. ಮೇಲೆ ಒಂದು ಪಾಠ: "ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಲ್ಲಿ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ಅವರು ಮನೆಯಲ್ಲೇ ರೇಡಿಯೋ ಸ್ಟೇಷನ್ ಇಟ್ಟಿದ್ದರು. ಮನೇಲಿ! ನಿನಗೆ ಒಂದು ಕಥೆ ಹೇಳೋಕಾಗಲ್ವಾ?" ಗೋಪಾಲಸ್ವಾಮಿ ಅವರ ತಂದೆ ಹತ್ತು ನಿಮಿಷಕ್ಕೊಮ್ಮೆ ಬಂದು ಟಕ್ ಟಕ್ ಅನ್ನುತ್ತಿದ್ದರೇ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅಪ್ಪನ ಎದುರು ನನ್ನ ವಾಲ್ಯೂಮ್ ಇವತ್ತಿಗೂ ಲ್ಯಾಪ್‌ಟಾಪ್ ಮಟ್ಟದಲ್ಲೇ ಇದೆ.

ಚಾನೆಲ್ ನಿಂತಿತು. ಹಾಗಂತ ಮೈಕನ್ನು ಬಿಸಾಡಲಾಗುತ್ತದಾ? ಕೇಳಿದವರೆಲ್ಲ "ಅಯ್ಯೋ, ಅದನ್ಯಾಕೆ ತಗೊಂಡ್ರಿ?" ಅನ್ನುತ್ತಾರೆ. ಇವರೆಲ್ಲ ತಗೊಳ್ಳುವ ಮುಂಚೆ ಎಲ್ಲಿರುತ್ತಾರೆ ಅನ್ನುವುದೇ ನನ್ನ ಪ್ರಶ್ನೆ. ಮನೆಯವರು ಮಾತ್ರ ತಲೆಗೊಂದು ತುಂಡು ಹಂಚಿಕೊಂಡರು. ಬಾಯಿಗೆ ಅಡ್ಡ ಇಡುವ ಬಲೆ ನಮ್ಮ ಹಾಲಿನ ಪಾತ್ರೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು, ಅಮ್ಮ ಮುಚ್ಚಳ ಮಾಡಿಕೊಂಡರು. ಹಾಲಿಗೆ ಗಾಳಿಯಾಡುತ್ತೆ, ನೊಣ ಬೀಳಲ್ಲ. ಕಬ್ಬಿಣದ ತೋಳಿಗೆ ನನ್ನ ಹೆಂಡತಿ ಮೊಬೈಲ್ ಸಿಕ್ಕಿಸಿ, ಎರಡೂ ಕೈಯಲ್ಲಿ ಚಪಾತಿ ಲಟ್ಟಿಸುತ್ತಾ ಶಿವಮೊಗ್ಗದ ಅಕ್ಕನ ಜೊತೆ ವಿಡಿಯೋ ಕಾಲ್ ಮಾಡುತ್ತಾಳೆ. ಸ್ಪಾಂಜಿನ ಟೋಪಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಪಕ್ಕದ ಮನೆ ನಾಯಿಯ ಮೇಲೆ ಗುಮಾನಿ ಇದೆ.

ಮೈಕಿನ ನಿಜವಾದ ಯೋಗ್ಯತೆ ತೋರಿಸಿದ್ದು ಡೊಳ್ಳು. ಮಗನ ಶಾಲೆಯ ಹುಡುಗರು ನಮ್ಮ ತಾರಸಿಯ ಮೇಲೆ ಡೊಳ್ಳು ಕುಣಿತ ಅಭ್ಯಾಸ ಮಾಡುತ್ತಿದ್ದರು. ಹತ್ತಡಿ ದೂರದಲ್ಲಿ ಒಂದು ಸ್ಟೂಲಿನ ಮೇಲೆ ಇಟ್ಟು ಸುಮ್ನೆ ರೆಕಾರ್ಡ್ ಮಾಡಿದೆ. ಅಷ್ಟು ಜೋರು ಸದ್ದಿನಲ್ಲಿ ಹಿಸ್ ಎಲ್ಲಿ ಕೇಳಬೇಕು? ಚುಚ್ಚಲು 'ಸ'ಕಾರವೂ ಇಲ್ಲ. ಶಾಲೆಯವರು ಯಾವ ಸ್ಟುಡಿಯೋ ಅಂತ ಕೇಳಿದರು. ನಾನು ಕತ್ತು ಕೊಂಕಿಸಿ "ಮನೇಲೇ" ಅಂದೆ, ಗೋಪಾಲಸ್ವಾಮಿ ಅವರ ಹಾಗೆ.

ಆ ಫೈಲನ್ನು ಉಳಿಸಿಡಲು ಜಾಗ ಮಾಡುವಾಗ ಹಳೆಯ ಕಥೆಗಳ ಕತ್ತರಿಸದ ಫೈಲು ಸಿಕ್ಕಿದವು. ಒಂದೊಂದರಲ್ಲೂ ಮಗ ಇದ್ದಾನೆ. ಆಗ ಅವನಿಗೆ ಎಂಟು ವರ್ಷ. ಅಡುಗೆಮನೆ ಬಾಗಿಲಲ್ಲಿ ನಿಂತು, ಮೈಕಿನ ಮುಖಕ್ಕೆ ಸರಿಯಾಗಿ, ಕೀರಲು ಧ್ವನಿಯಲ್ಲಿ "ಅಪ್ಪಾ, ಮುಗೀತಾ?" ಅನ್ನುತ್ತಾನೆ. ಎರಡು ನಿಮಿಷ ಬಿಟ್ಟು ಮತ್ತೆ, "ಈಗ ಮುಗೀತಾ?" ಅವತ್ತು ಬೈದುಕೊಂಡು ಅಷ್ಟನ್ನೂ ಕತ್ತರಿಸಿದ್ದೆ. ಈಗ ಅವನ ಗಂಟಲು ಒಡೆದಿದೆ, ಬಾಗಿಲು ಹಾಕಿಕೊಂಡು ಓದುತ್ತಾನೆ. ಮುಗೀತಾ ಅಂತ ಈಗ ನಾನು ಕೇಳಬೇಕು. ಕಥೆಯ ಭಾಗವನ್ನು ಅಳಿಸಿ, ಅವನ ತುಂಡುಗಳನ್ನು ಮಾತ್ರ ಇಟ್ಟುಕೊಂಡೆ. ಎಲ್ಲ ಸೇರಿ ನಾಲ್ಕು ನಿಮಿಷ ಆಯಿತು.

ಅದಾದ ಮೇಲೆ ಮೈಕಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿ, ನಿನ್ನೆ ರಾತ್ರಿ ಮಳೆ ಹಿಡಿಯೋಣ ಅಂತ ಮತ್ತೆ ಆ ತೋಳಿಗೆ ಸಿಕ್ಕಿಸಿ, ಕಿಟಕಿಯ ಸರಳಿಗೆ ತಾಗುವ ಹಾಗೆ ಇಟ್ಟು ಮಲಗಿದೆ. ಕಾರ್ ಶೆಡ್ಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು ನನಗೆ ಇಷ್ಟ. ಬೆಳಿಗ್ಗೆ ಅದನ್ನು ಬಿಚ್ಚಲು ಹೋಗಿಯೇ ಕಾಫಿ ಹಾರಿದ್ದು. ಅಂಗಿ ಬದಲಾಯಿಸಿ ಬಂದು ಕೇಳಿದೆ. ಅದ್ಭುತ. ರಾತ್ರಿಯೆಲ್ಲಾ ಒಂದೇ ಸಮನೆ, ಸ್ಸ್ಸ್ ಅಂತ ಸೋನೆ ಮಳೆ. ಈ ಮೈಕಿಗೆ ಇಷ್ಟು ಚೆನ್ನಾಗಿ ಹೊಂದುವ ಕೆಲಸ ಇನ್ನೊಂದಿಲ್ಲ ಅಂತ ಹೆಂಡತಿಯನ್ನೂ ಕರೆದು ಕೇಳಿಸಿದೆ. ಅವಳೂ ತಲೆದೂಗಿದಳು. ಕೊನೆಕೊನೆಗೆ, ಐದೂವರೆಯ ಹೊತ್ತಿಗೆ ಇರಬೇಕು, ಗೇಟು ಕಿರ್ರ್ ಅಂದಿತು. ಹಾಲು ತರಲು ಹೊರಟ ಚಪ್ಪಲಿಯ ಸದ್ದು ಕಿಟಕಿಯ ಹತ್ತಿರ ಬಂದು ನಿಂತಿತು. ಟಕ್ ಟಕ್. ಉಫ್. "ಹಲೋ." ಸ್ವಲ್ಪ ಹೊತ್ತು ಬಿಟ್ಟು, "ಹಲೋ." ಹಿಂದೆ ಮಳೆ ಸುರಿಯುತ್ತಲೇ ಇದೆ.

"ಮಳೆ ಹನ್ನೊಂದು ಗಂಟೆಗೇ ನಿಂತಿದೆ" ಅಂದರು ಅಪ್ಪ, ನಿರೂಪಣೆಯ ಧ್ವನಿಯಲ್ಲಿ.