ಹುಡುಗರ ಕೈಯಾಗ ಏನ್ ಇಡೂಣು?

ಮಕ್ಕಳಿರೋ ಮನಿಗೆ ಬರಿಗೈಲೆ ಹೋಗಬಾರದು ಅನ್ನೋದು ನಮ್ಮ ಕಡೆ ಕಾಯ್ದೆ ಇದ್ದಂಗ, ಯಾರೂ ಬರದಿಟ್ಟಿಲ್ಲ ಆದ್ರ ಮುರಿಯೋ ಧೈರ್ಯನೂ ಯಾರಿಗೂ ಇಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ ಹತ್ತಿ ಕುಂತ್ರ ಒಂದು ನಿದ್ದಿನೂ ಸರಿಯಾಗಿ ಆಗೂದಿಲ್ಲ, ಆದ್ರೂ ಇಳಿದ ಕೂಡ್ಲೆ ಕಾಲು ತಾವಾಗೇ ಅಂಗಡಿ ಕಡೆ ತಿರಗ್ತಾವು. ಅಲ್ಲೆ ಬಾಗಲಕ್ಕ ತೋರಣ ಕಟ್ಟಿದಂಗ ಕುರುಕಲು ತಿಂಡಿ ಪಾಕೀಟಿನ ಸರ ನೇತಾಡ್ತಿರ್ತೈತಿ, ಹತ್ತು ರೂಪಾಯಿವು ನಾಕು ಹರದ ಕೊಡ್ರಿ ಅಂತೀವಿ, ಮುಗೀತು. ಮನಿ ಮುಟ್ಟಿದ ಮ್ಯಾಲ ಹುಡುಗರು ಮೊದಲ ಕೈ ನೋಡ್ತಾವು, ಆಮ್ಯಾಲ ಮಾರಿ ನೋಡ್ತಾವು. "ಕಾಕಾ ಬಂದಾ!" ಅಂತ ಕುಣಿಯೋದು ಕಾಕಾನ ಸಲವಾಗೋ ಪಾಕೀಟಿನ ಸಲವಾಗೋ ಅಂತ ಭಾಳ ಕೆದಕಿ ಕೇಳಬಾರದು.

ಈಗಿನ ಹುಡುಗರು ಬರೇ ಹಾಳುಮೂಳ ತಿಂತಾವು ಅಂತ ಎಲ್ಲಾರೂ ಅಂತೀವಲ್ರಿ, ನಾಕು ವರ್ಷದ ಕೂಸು ತಾನ ಚೀಲ ಹಿಡಕೊಂಡು ಹೋಗಿ ರೊಕ್ಕ ಕೊಟ್ಟು ತಂದಿರ್ತೈತೇನು? ಕಾಕಾ ಒಂದು ತರ್ತಾನ, ಸೋದರಮಾವ ಒಂದು ತರ್ತಾನ, ಪಕ್ಕದ ಮನಿ ಅಜ್ಜಿ ಪ್ರೀತಿಲೆ ಚಾಕಲೇಟ್ ಇಡ್ತಾಳ, ಕಿರಾಣಿ ಅಂಗಡಿಯವ್ರು ಸುದ್ದಾ ಚಿಲ್ಲರ ಇಲ್ಲಂದ್ರ ಪೆಪ್ಪರಮಿಂಟ್ ಕೊಡ್ತಾರ. ನನಗ ಅನಸೋದೇನಂದ್ರ ಹುಡುಗರ ತಿನ್ನೋ ಚಟಕ್ಕಿಂತ ದೊಡ್ಡವರ ಕೊಡೋ ಚಟ ಭಾಳ ಗಟ್ಟಿ. ನಮ್ಮ ಪೈಕಿ ಒಬ್ಬ ಹಿರೇರಿಗೆ ಮನಿ ಸೊಸಿ "ಮಾವಾರ, ಮುಂದಿನ ಸಲ ಕೂಸಿಗೆ ಏನೂ ತರಬ್ಯಾಡ್ರಿ, ಹಂಗ ಬರ್ರಿ" ಅಂತ ನಯವಾಗೇ ಅಂದ್ಲು. ಅವ್ರು ಆ ಮನಿಗೆ ಬರೋದ ಕಡಿಮಿ ಮಾಡಿಬಿಟ್ರು.

ಹಂಗಂತ ಹಳೇ ಕಾಲದಾಗ ಎಲ್ಲಾ ಬಂಗಾರ ಇತ್ತು ಅಂತ ನಾ ಹೇಳಾಂಗಿಲ್ಲ. ಜಾತ್ರಿಯಿಂದ ತರ್ತಿದ್ದ ಬೆಂಡು ಬೆತ್ತಾಸ ಏನ್ರಿ, ಅದೂ ಸಕ್ಕರೀನ. ಗೌರಿ ಹುಣ್ಣಿಮಿ ಸಕ್ಕರಿ ಗೊಂಬಿ, ಆನಿ ಒಂಟಿ ನವಿಲು ಎಲ್ಲಾ, ಬಾಲದಿಂದ ಚೀಪಾಕ ಚಾಲೂ ಮಾಡಿ ಸೊಂಡಿಲಿಗೆ ಮುಗಸ್ತಿದ್ವಿ. ಆದ್ರ ಜಾತ್ರಿ ವರ್ಷಕ್ಕ ಒಂದ, ಹುಣ್ಣಿಮಿನೂ ಒಂದ. ಹಲ್ಲಿನ ಡಾಕ್ಟರ್ ಹೇಳೋದೂ ಇದನ್ನ, ಒಮ್ಮೆ ಎಷ್ಟು ತಿಂದ್ರಿ ಅನ್ನೋದಕ್ಕಿಂತ ದಿನಾ ಎಷ್ಟು ಸಲ ತಿಂದ್ರಿ ಅನ್ನೋದು ಹಲ್ಲಿಗೆ ಹೆಚ್ಚು ಕಾಡ್ತೈತಿ, ಅದರಾಗೂ ಹಲ್ಲಿನ ಸಂದ್ಯಾಗ ಅಂಟಿಕೊಂಡು ಕುಂದರೋವು. ಈಗ ಸಾಲಿ ಬಿಟ್ಟ ಮ್ಯಾಲ ದಿನಾ ಜಾತ್ರಿ.

ಇದಕ್ಕ ಉಪಾಯ ಅಂತ ಈಗ ಒಂದು ಹೊಸ ಜಾತಿ ಬಂದಾವು ನೋಡ್ರಿ, ಹಸರು ಬಣ್ಣದ ಪಾಕೀಟು, ಮ್ಯಾಲ ಒಂದು ರಾಗಿ ತೆನಿ ಚಿತ್ರ, ಇಲ್ಲಾಂದ್ರ ಓಡೋ ಹುಡುಗನ ಚಿತ್ರ. ಅವನ್ನ ಒಯ್ದು ಕೊಟ್ರ ನಮ್ಮ ಮನಸಿಗೂ ಹಗುರ, ಮನಿಯವರಿಗೂ ಏನೂ ಅನ್ನಾಕ ಬರೂದಿಲ್ಲ. ಆದ್ರ ಒಮ್ಮೆ ಹಿಂದ ಹೊಳ್ಳಿಸಿ ಚಸ್ಮಾ ಹಾಕ್ಕೊಂಡು ಓದ್ರಿ. ಯಾವುದರ ತೂಕ ಹೆಚ್ಚೈತೋ ಅದನ್ನ ಮೊದಲ ಬರೀಬೇಕು ಅನ್ನೋದು ಕಾನೂನು, ಹಂಗಾಗಿ ಮುಂದ ರಾಗಿ ಇದ್ದಿದ್ದು ಹಿಂದ ಮೈದಾ, ಸಕ್ಕರಿ, ಪಾಮ್ ಎಣ್ಣಿ ಎಲ್ಲಾ ದಾಟಿ ಎಲ್ಲೋ ನಾಕನೇ ಐದನೇ ಜಾಗಾದಾಗ ಕುಂತಿರ್ತೈತಿ. ಸಕ್ಕರಿನೂ ಒಂದ ಹೆಸರಿಲೆ ಬರೂದಿಲ್ಲ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅಂತ ಬ್ಯಾರೆ ಬ್ಯಾರೆ ಅಂಗಿ ಹಾಕ್ಕೊಂಡು ಬರ್ತೈತಿ. ಹಾಲಿಗೆ ಹಾಕೋ ಪುಡಿ ಡಬ್ಬಿಗಳದೂ ಇದ ಕತಿ, 2024ರ ಏಪ್ರಿಲ್‌ನ್ಯಾಗ ಕೇಂದ್ರ ಸರಕಾರನ ಆನ್‌ಲೈನ್ ಅಂಗಡಿಯವರಿಗೆ, ಇಂಥಾವನ್ನೆಲ್ಲಾ ಹೆಲ್ತ್ ಡ್ರಿಂಕ್ ಅನ್ನೋ ಸಾಲಿನ್ಯಾಗಿಂದ ತಗೀರಿ ಅಂತ ಹೇಳಬೇಕಾತು.

ಈ ವಿಷಯದಾಗ ನನಗ ನಮ್ಮ ಧಾರವಾಡ ಪೇಢೆ ಮ್ಯಾಲ ಭಾಳ ಗೌರವ ಐತಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನದವ್ರು ಶುರು ಮಾಡಿದ್ದು, ಲೈನ್ ಬಜಾರದಾಗ ಇವತ್ತಿಗೂ ಜನ ಪಾಳಿ ಹಚ್ಚಿ ಒಯ್ತಾರ, ಇದು ಈ ಊರಿಂದ ಅನ್ನೋ ಸರಕಾರಿ ಗುರುತು, ಜಿಐ ಟ್ಯಾಗ್‌ನೂ ಸಿಕ್ಕೈತಿ. ಖವಾ, ಸಕ್ಕರಿ ಹಾಕಿ ಕಂದು ಬಣ್ಣ ಬರೋ ತನಕಾ ಹುರದು, ಅದು ಸಾಲದು ಅಂತ ಮ್ಯಾಲ ಮತ್ತ ಸಕ್ಕರಿ ಪುಡಿಯಾಗ ಹೊಳ್ಳಾಡಸ್ತಾರ. ಆದ್ರ ಪೇಢೆ ಎಂದೂ ನಾ ಆರೋಗ್ಯಕ್ಕ ಚೊಲೊ ಅಂತ ಡಬ್ಬಿ ಮ್ಯಾಲ ಬರಕೊಂಡಿಲ್ಲ. ಸಿಹಿ ಅಂದ್ರ ಸಿಹಿ, ತಿನ್ನೋರಿಗೂ ಗೊತ್ತು ಕೊಡೋರಿಗೂ ಗೊತ್ತು. ಒಂದು ಪೇಢೆ ಎರಡು ಭಾಗ ಮಾಡಿ ಎರಡು ಹುಡುಗರಿಗೆ ಕೊಡ್ರಿ, ಯಾರ ಗಂಟೂ ಹೋಗೂದಿಲ್ಲ.

ಇನ್ನ ಬೆಲ್ಲದ ಭಕ್ತರು. ಸಕ್ಕರಿ ವಿಷ, ಬೆಲ್ಲ ಅಮೃತ ಅಂತ ಇವರ ವಾದ, ಹಂಗಂತ ಹೇಳಿ ಕೂಸಿಗೆ ಅಂಗೈಯಗಲ ಚಿಕ್ಕಿ ಕೊಡ್ತಾರ. ಬೆಲ್ಲದಾಗ ಒಂದೀಟು ಕಬ್ಬಿಣದ ಅಂಶ ಅದು ಇದು ಇರತೈತಿ ಖರೆ, ರುಚಿನಂತೂ ಸಕ್ಕರಿಗೆ ಏಳು ಜನ್ಮಕ್ಕೂ ಬರೂದಿಲ್ಲ, ಆದ್ರ ಉಳಿದಿದ್ದೆಲ್ಲಾ ಅದ ಸಕ್ಕರೀನ. ವಿಶ್ವ ಆರೋಗ್ಯ ಸಂಸ್ಥೆಯವ್ರು 2015ರಾಗ ಹೇಳಿದ್ದು, ಹಿಂಗ ಮ್ಯಾಲ ಸೇರಸೋ ಸಕ್ಕರಿ, ಅದರಾಗ ಜೇನತುಪ್ಪ ಹಣ್ಣಿನ ರಸ ಎಲ್ಲಾ ಲೆಕ್ಕಕ್ಕ ಬಂತು, ದಿನದ ಒಟ್ಟು ಕ್ಯಾಲೊರಿಯಾಗ ನೂರಕ್ಕ ಹತ್ತು ದಾಟಬಾರದು, ಐದರ ಒಳಗಿದ್ರ ಇನ್ನೂ ಚೊಲೊ ಅಂತ. ನಾಕೈದು ವರ್ಷದ ಕೂಸಿಗೆ ದಿನಕ್ಕ ಸುಮಾರು 1300 ಕ್ಯಾಲೊರಿ ಹಿಡೀರಿ, ನೂರಕ್ಕ ಐದರಂಗ ಲೆಕ್ಕ ಹಾಕಿದ್ರ ಸಕ್ಕರಿ 16 ಗ್ರಾಂ, ಹತ್ತರಂಗ 32. ಕೋಲಾದಾಗ 100 ಎಂಎಲ್‌ಗೆ ಹತ್ತು ಹನ್ನೊಂದು ಗ್ರಾಂ ಸಕ್ಕರಿ ಇರತೈತಿ, ಅಂದ್ರ 300 ಎಂಎಲ್ ಕುಡದ್ರ ಇಡೀ ದಿನದ ಕೋಟಾ ಒಂದ ಗುಟುಕಿನ್ಯಾಗ ಮುಗದಂಗ, ಇನ್ನ ಸಂಜಿ ಚಾದಾಗ ಬಿಸ್ಕಿಟ್ ಅದ್ದೋದು ಬ್ಯಾರೆ ಬಾಕಿ ಐತಿ.

ಅದಕ್ಕ ನನ್ನ ಓಟು ಶೇಂಗಾ ಉಂಡಿಗೆ. ನಾಗರ ಪಂಚಮಿ ಬಂತಂದ್ರ ನಮ್ಮ ಕಡೆ ಮನಿ ತುಂಬ ಉಂಡಿ, ಶೇಂಗಾ, ಎಳ್ಳು, ತಂಬಿಟ್ಟು, ಗುಳ್ಳಡಕಿ, ಬೇಸನ್, ರವಾ. ಅದರಾಗ ಶೇಂಗಾದ್ದು ಭಾಳ ಸರಳ, ಪಾಕದ ತಾಪತ್ರಯ ಇಲ್ಲ, ತುಪ್ಪನೂ ಬೇಕಾಗಿಲ್ಲ. ಅರ್ಧ ಕಿಲೊ ಶೇಂಗಾ ಸಣ್ಣ ಉರಿ ಮ್ಯಾಲ ಹುರದು, ಕೈಯಾಗ ತಿಕ್ಕಿ, ಮೊರದಾಗ ಹಾರಿಸಿ ಸಿಪ್ಪಿ ತಗೀಬೇಕು (ಮನಿತುಂಬ ಕೆಂಪು ಸಿಪ್ಪಿ ಹಾರಾಡ್ತಾವು, ಅದಕ್ಕ ಈ ಕೆಲಸ ಅಂಗಳದಾಗ), ಮಿಕ್ಸರ್‌ನ್ಯಾಗ ಒಮ್ಮೆಲೆ ಗುರ್ರ್ ಅನಿಸದ ಬಿಟ್ಟು ಬಿಟ್ಟು ತಿರಗಸ್ಬೇಕು, ಇಲ್ಲಾಂದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತೈತಿ. ತರಿತರಿ ಇದ್ದಾಗ ಹೆರದ 300 ಗ್ರಾಂ ಬೆಲ್ಲ, ಹಾವೇರಿ ಕಡೆ ಬೀಗರಿದ್ರ ಅವರ ಮನ್ಯಾಗ ಒಣಗಿದ ಏಲಕ್ಕಿ ಮಾಲಿಯಿಂದ ಎರಡು ಕಾಯಿ ಕಿತ್ತು ಹಾಕಿ ಇನ್ನೊಂದು ಸುತ್ತು. ಶೇಂಗಾ ಇನ್ನೂ ಬಿಸಿ ಇರತೈತಿ ನೋಡ್ರಿ, ಅದರ ಎಣ್ಣಿಲೆ ಉಂಡಿ ತಾನ ಕೂಡತೈತಿ. ಮುಖ್ಯ ಮಾತು ಗಾತ್ರದ್ದು, ನೆಲ್ಲಿಕಾಯಿ ಅಷ್ಟ ಕಟ್ಟಬೇಕು. 20 ಗ್ರಾಮಿಂದು 40 ಉಂಡಿ ಆಗ್ತಾವು, ಒಂದರಾಗ ಬೆಲ್ಲ ಏಳೂವರೆ ಗ್ರಾಂ, ಉಳಿದಿದ್ದು ಶೇಂಗಾ, ಹೊಟ್ಟಿಗೆ ಆಸರ ಆಗ್ತೈತಿ, ಮತ್ತ ತಾಸಿಗೊಮ್ಮೆ ಹಸಿವು ಹಸಿವು ಅಂತ ಅಡಗಿ ಮನಿ ಸುತ್ತೂದಿಲ್ಲ. ಶೇಂಗಾ ಆಗದ ಹುಡುಗರಿದ್ರ ಆ ಮಾತು ಬ್ಯಾರೆ, ಮತ್ತ ಐದು ವರ್ಷದ ಒಳಗಿನವರಿಗೆ ಇಡೀ ಶೇಂಗಾಕಾಳು ಕೊಡಬ್ಯಾಡ್ರಿ, ಗಂಟಲಕ್ಕ ಸಿಗ್ತಾವು, ಉಂಡಿ ಮಾಡಾಕೂ ನುಣ್ಣಗ ಪುಡಿ ಮಾಡ್ರಿ.

ಸಣ್ಣ ಉಂಡಿ ನೋಡಿ ನಮ್ಮ ಮನ್ಯಾಗಿನ ಹಿರೇ ಹೆಣಮಗಳು "ಇದೇನವಾ, ಔಷಧ ಗುಳಿಗಿ ಕಟ್ಟೀಯಲ್ಲ, ಮಂದಿ ಏನಂದಾರು" ಅಂದ್ರು. ಮಂದಿ ಅಂದ್ರ ನೋಡ್ರಿ, ಕೂಸಿಂದು ಅಲ್ಲ ಅವರ ಚಿಂತಿ.

ಖಾರದ್ದು ಬೇಕಂದ್ರ ಗದಗ ಕಡೆಯವ್ರ ದಾರಿ ಸರಿ ಐತಿ. ಸಂಜಿ ಆತಂದ್ರ ಚುರುಮುರಿಗೆ ಹುಣಸಿ ಬೆಲ್ಲದ ಗೊಜ್ಜು, ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರಿ, ಗಿರಮಿಟ್ ರೆಡಿ. ಹುಡುಗರಿಗೆ ಹಸಿಮೆಣಸಿನಕಾಯಿ ಕಡಿಮಿ ಮಾಡಿ, ಮೊಳಕಿ ಹೆಸರು ಒಂದು ಹಿಡಿ ಸೇರಿಸಿದ್ರ ಅವಕ್ಕ ಗೊತ್ತೂ ಆಗೂದಿಲ್ಲ. ಅದನ್ನ ಪ್ಲೇಟಿನ್ಯಾಗ ಕೊಡಬ್ಯಾಡ್ರಿ, ಪೇಪರ್ ಸುತ್ತಿ ಅಂಗಡ್ಯಾಗಿನಂಗ ಪೊಟ್ಟಣ ಮಾಡಿ, ಆದ್ರ ನ್ಯೂಸ್ ಪೇಪರ್ ಬ್ಯಾಡ, ಅದರ ಶಾಯಿ ಹೊಟ್ಟಿಗೆ ಹೋಗ್ತೈತಿ, ನೋಟಬುಕ್ಕಿನ ಖಾಲಿ ಹಾಳಿ ಸಾಕು. ನಮ್ಮ ತಮ್ಮನ ಮಗಳಿಗೆ ಹಿಂಗ ಕೊಟ್ರ ಐದು ರೂಪಾಯಿ ಆಟದ ರೊಕ್ಕ ಎಣಿಸಿ ಕೊಟ್ಟು ತಗೋತಾಳ, ಮತ್ತ ಉಳ್ಳಾಗಡ್ಡಿ ಕಡಿಮಿ ಹಾಕೀರಿ ಅಂತ ಜಗಳಾನೂ ತಗೀತಾಳ. ಮಿರ್ಚಿ ಎಲ್ಲೆ ಅಂತ ಕೇಳೋದೊಂದು ನಿಂತಿಲ್ಲ. ಅದು ಮಾತ್ರ ಐತವಾರ, ಅದೂ ಒಂದ ಒಂದು, ಒಳಗಿನ ಮೆಣಸಿನಕಾಯಿ ನನಗ, ಮ್ಯಾಲಿನ ಕಡ್ಲಿಹಿಟ್ಟು ಆಕಿಗೆ.